ಟ್ವಿಕನ್‌ಹ್ಯಾಮಿನಲ್ಲಿ ಮೊದಲ ಚೆಂಡನ್ನೊದ್ದ ಕಲ್ಲುಕುಟಿಗ

ಕಲ್ಲುಕೆಲಸದವರ ದಿನ ಹೇಗೆ ಸಾಗುವುದೆಂಬುದನ್ನು ಕೋಲಾರದ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಶಿಲ್ಪಿಗಳ ಊರೆಂದೇ ಹೆಸರಾದದ್ದು. ಮುಳಬಾಗಿಲು, ಶ್ರೀನಿವಾಸಪುರಗಳ ಕಡೆಗೆ ಹೋದರೂ ಬಂಡೆಗಳ ನಡುವೆ ಉಳಿ ಸುತ್ತಿಗೆಗಳ ಸದ್ದು ಹೊಸದಲ್ಲ. ಉಳಿ ಕೈಯಲ್ಲಿರುವಷ್ಟು ಹೊತ್ತು ಕೂಲಿ, ಕೆಳಗಿಟ್ಟರೆ ಕೂಲಿಯಿಲ್ಲ. ಚಿನ್ನದ ಗಣಿಗೆ ಇಳಿಯುತ್ತಿದ್ದವರ ಬಾಳೂ ಇದಕ್ಕೆ ಹೊರತಾಗಿರಲಿಲ್ಲ. ಪಾಳಿ ತಪ್ಪಿದ ದಿನ ಮನೆಯ ಲೆಕ್ಕವೂ ತಪ್ಪುತ್ತಿತ್ತು.

ಇಂಥ ದುಡಿಮೆಗಾರನೊಬ್ಬನಿಗೆ ಆಟದಲ್ಲಿ ಅಸಾಧಾರಣ ಪ್ರತಿಭೆಯಿದ್ದರೆ ಅವನೇನು ಮಾಡಬೇಕು? ಆಡಲು ಹೋದರೆ ಅರ್ಧ ದಿನದ ಕೂಲಿ ಹೋಗುತ್ತದೆ. ದೂರದ ಊರಿನಲ್ಲಿ ಪಂದ್ಯವಿದ್ದರೆ ಎರಡು ದಿನದ ಕೂಲಿ ಹೋಗುತ್ತದೆ. ಹೋದ ಕೂಲಿಯನ್ನು ಯಾರಾದರೂ ತುಂಬಿಕೊಟ್ಟರೆ ಅದು ನ್ಯಾಯವೇ, ಅಥವಾ ಆಟದ ಪಾವಿತ್ರ್ಯಕ್ಕೆ ಕಳಂಕವೇ? ಈ ಒಂದು ಪ್ರಶ್ನೆಯಿಂದ ಬ್ರಿಟನ್ನಿನಲ್ಲಿ ಒಂದು ಆಟವೇ ಎರಡಾಗಿ ಸೀಳಿತು. ಆ ಬಿರುಕನ್ನು ದಾಟಿ ಹೋದ ಆಟಗಾರರಲ್ಲಿ ವೇಲ್ಸ್ ಸೀಮೆಯ ಬ್ರಿಜೆಂಡ್ ಪಟ್ಟಣದ ಬೆನ್ ಗ್ರೊನೋ ಎಂಬ ಕಲ್ಲುಕುಟಿಗನೂ ಒಬ್ಬ.

ಆರು ಷಿಲಿಂಗುಗಳ ಜಗಳ

ರಗ್ಬಿ ಎಂಬುದು ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎದುರಾಳಿಯನ್ನು ಮೈಮೇಲೆ ಬಿದ್ದು ಕೆಡವುವ ಆಟ. ಎದುರಾಳಿಗಳ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಿದರೆ ಅದಕ್ಕೆ ‘ಟ್ರೈ’ ಎಂದು ಹೆಸರು. ಎರಡು ಎತ್ತರದ ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿಂದ ಚೆಂಡನ್ನು ಒದ್ದು ಹಾರಿಸಿದರೆ ಗೋಲು. ಈ ಆಟ ಇಂಗ್ಲೆಂಡಿನ ಶ್ರೀಮಂತರ ಮಕ್ಕಳ ಶಾಲೆಗಳಲ್ಲಿ ರೂಪುಗೊಂಡಿತು. ಆದರೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಉತ್ತರ ಇಂಗ್ಲೆಂಡಿನ ಗಿರಣಿ ಊರುಗಳಲ್ಲಿಯೂ ವೇಲ್ಸಿನ ಕಲ್ಲಿದ್ದಲ ಕಣಿವೆಗಳಲ್ಲಿಯೂ ಅದನ್ನು ಆಡುತ್ತಿದ್ದವರು ಬಹುಮಟ್ಟಿಗೆ ದುಡಿಮೆಯ ಜನ.

ವಕೀಲನ ಮಗನಿಗೆ ಶನಿವಾರದ ಆಟ ಒಂದು ವಿನೋದ. ನೇಯ್ಗೆಯವನಿಗೆ, ಗಣಿಯವನಿಗೆ ಅದು ಕೈಬಿಟ್ಟ ಕೂಲಿ. ಆದಕಾರಣ ಉತ್ತರದ ಸಂಘಗಳು ಒಂದು ಬೇಡಿಕೆಯನ್ನು ಮುಂದಿಟ್ಟವು: ಆಟಕ್ಕಾಗಿ ಕೆಲಸ ತಪ್ಪಿಸಿಕೊಂಡವನಿಗೆ ತಪ್ಪಿದ ಹೊತ್ತಿನ ಕೂಲಿಯನ್ನು ಮಾತ್ರ ಕೊಡಲು ಅನುಮತಿ ಬೇಕು. 1893ರಲ್ಲಿ ಲಂಡನ್ನಿನಲ್ಲಿ ಸೇರಿದ ರಗ್ಬಿ ಒಕ್ಕೂಟದ ಮಹಾಸಭೆ ಈ ಬೇಡಿಕೆಯನ್ನು 136ರ ವಿರುದ್ಧ 282 ಮತಗಳಿಂದ ತಳ್ಳಿಹಾಕಿತು. ಎರಡು ವರ್ಷ ಕಳೆಯಿತು. 1895ರ ಆಗಸ್ಟ್ 29ರಂದು ಉತ್ತರದ ಸಂಘಗಳ ಪ್ರತಿನಿಧಿಗಳು ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ ಸಭೆ ಸೇರಿ, ಒಕ್ಕೂಟವನ್ನು ತೊರೆದು ‘ನಾರ್ದರ್ನ್ ಯೂನಿಯನ್’ ಎಂಬ ಬೇರೆ ಸಂಸ್ಥೆಯನ್ನು ಕಟ್ಟಿಕೊಂಡರು. ಅವರು ಮೊದಲು ಗೊತ್ತುಪಡಿಸಿದ ಪರಿಹಾರ ದಿನಕ್ಕೆ ಆರು ಷಿಲಿಂಗು, ಅಷ್ಟೇ. ಅದಕ್ಕಾಗಿ ಮನೆ ಒಡೆಯಿತು.

ಮನೆ ಒಡೆದ ಮೇಲೆ ಅಡುಗೆಯ ರುಚಿಯೂ ಬೇರೆಯಾಗುವುದು ಸಹಜ. ಹೊಸ ಸಂಸ್ಥೆಗೆ ನೋಡಲು ಬರುವ ಜನರ ಹಣವೇ ಆಧಾರವಾದ್ದರಿಂದ, ಜನರಿಗೆ ಹಿಡಿಸುವಂತೆ ಆಟದ ವೇಗವನ್ನು ಹೆಚ್ಚಿಸಿತು. 1906ರಲ್ಲಿ ತಂಡಕ್ಕೆ ಹದಿನೈದು ಜನರಿದ್ದುದು ಹದಿಮೂರಾಯಿತು. ಕಾಲಕ್ರಮದಲ್ಲಿ ಇದೇ ‘ರಗ್ಬಿ ಲೀಗ್’ ಎನಿಸಿಕೊಂಡಿತು. ಹಳೆಯದು ‘ರಗ್ಬಿ ಯೂನಿಯನ್’ ಆಗಿ ಉಳಿಯಿತು.

ಯೂನಿಯನ್ನಿನವರು ಇದಕ್ಕೆ ಕೊಟ್ಟ ಉತ್ತರ ಬಹಿಷ್ಕಾರ. ಲೀಗಿನ ಹಣ ಮುಟ್ಟಿದವನಿಗೆ ಯೂನಿಯನ್ ಆಟ ಆಜೀವ ನಿಷಿದ್ಧ. ಅವನು ಯಾವ ಊರಿನವನೇ ಆಗಲಿ, ದೇಶಕ್ಕಾಗಿ ಎಷ್ಟು ಆಡಿದವನೇ ಆಗಲಿ, ಹಳೆಯ ಸಂಘದಲ್ಲಿ ಅವನಿಗೆ ಮತ್ತೆ ಸ್ಥಾನವಿಲ್ಲ.

ಒಬ್ಬನಿಗೆ ಮನೆ, ಒಬ್ಬನಿಗೆ ಬಾಗಿಲು

ವೇಲ್ಸ್ ಸೀಮೆಯ ಸ್ಥಿತಿ ವಿಚಿತ್ರವಾಗಿತ್ತು. ಅಲ್ಲಿನ ಆಟಗಾರರಲ್ಲಿ ಗಣಿಯವರೂ ಲೋಹದ ಕುಲುಮೆಯವರೂ ಬಹಳ ಮಂದಿ ಇದ್ದರು. ಆದರೂ ವೇಲ್ಸಿನ ಸಂಸ್ಥೆ ಹಳೆಯ ಯೂನಿಯನ್ನಿನಲ್ಲೇ ಉಳಿಯಿತು. ಇಂಗ್ಲೆಂಡನ್ನು ಎದುರಿಸಿ ಗೆಲ್ಲುವ ಸಂತೋಷವನ್ನು ಬಿಟ್ಟುಕೊಡಲು ಆ ಚಿಕ್ಕ ನಾಡಿಗೆ ಮನಸ್ಸಿರಲಿಲ್ಲ.

1897ರಲ್ಲಿ ಅಲ್ಲಿನ ಹೆಸರಾಂತ ನಾಯಕ ಆರ್ಥರ್ ಗೌಲ್ಡ್‌ನಿಗೆ ಅಭಿಮಾನಿಗಳು ಚಂದಾ ಎತ್ತಿ ಒಂದು ಮನೆಯನ್ನೇ ಕಾಣಿಕೆಯಾಗಿ ಕೊಟ್ಟರು. ಇದು ವೃತ್ತಿಪರತೆಯೇ ಸರಿ ಎಂದು ಇತರ ದೇಶಗಳ ಸಂಸ್ಥೆಗಳು ಕೂಗೆಬ್ಬಿಸಿದವು. ವೇಲ್ಸ್ ಮುನಿದು ಅಂತರರಾಷ್ಟ್ರೀಯ ಮಂಡಲಿಯಿಂದ ಹೊರನಡೆಯಿತು. ಕೊನೆಗೆ ಇಂಗ್ಲೆಂಡಿನವರೇ ಗೌಲ್ಡ್‌ನದು ವಿಶೇಷ ಪ್ರಕರಣವೆಂದು ಹೇಳಿ ಜಗಳವನ್ನು ಮುಗಿಸಿದರು.

ಅದೇ ಕಾಲದ ಇನ್ನೊಂದು ಚಿತ್ರವನ್ನು ಪಕ್ಕದಲ್ಲಿಟ್ಟು ನೋಡಬಹುದು. ಸ್ವಾನ್ಸಿಯ ಡೇವಿಡ್ ಜೇಮ್ಸ್, ಇವಾನ್ ಜೇಮ್ಸ್ ಎಂಬ ಸೋದರರು ತಾಮ್ರದ ಕುಲುಮೆಯಲ್ಲಿ ದುಡಿಯುತ್ತಿದ್ದವರು. ಚೆಂಡು ಕೈಗೆ ಬಂದರೆ ಮಾಂತ್ರಿಕರು. 1892ರಲ್ಲಿ ಉತ್ತರ ಇಂಗ್ಲೆಂಡಿನ ಬ್ರೌಟನ್ ರೇಂಜರ್ಸ್ ಸಂಘಕ್ಕೆ ಹೋದರೆಂಬ ಕಾರಣಕ್ಕೆ ಅವರನ್ನು ವೃತ್ತಿಪರರೆಂದು ಸಾರಿ ಹೊರಗಿಡಲಾಯಿತು. 1896ರಲ್ಲಿ ಕ್ಷಮೆ ದೊರೆಯಿತು. 1899ರಲ್ಲಿ ಸ್ವಾನ್ಸಿಯಲ್ಲಿ ನಡೆದ ಪಂದ್ಯದಲ್ಲಿ ಇವರಿಬ್ಬರಿದ್ದ ವೇಲ್ಸ್ ತಂಡ ಇಂಗ್ಲೆಂಡನ್ನು 26–3ರಿಂದ ಸದೆಬಡಿಯಿತು. ಜನ ಹುಚ್ಚೆದ್ದು ಕುಣಿದರು. ಕೆಲವೇ ದಿನಗಳಲ್ಲಿ ಸೋದರರು ಸಂಸಾರ ಸಮೇತ ಮತ್ತೆ ಉತ್ತರಕ್ಕೆ ಹೊರಟರು. ಚಪ್ಪಾಳೆಯಿಂದ ಒಲೆ ಉರಿಯುವುದಿಲ್ಲವಷ್ಟೆ.

ಗ್ರೊನೋ ಬೆಳೆದದ್ದು ಈ ಕಥೆಗಳ ನಡುವೆ. ಹೋಗುವವನಿಗೆ ಏನು ಸಿಗುವುದು, ಏನು ತಪ್ಪುವುದು ಎಂಬುದು ಆ ಸೀಮೆಯ ಹುಡುಗರಿಗೆಲ್ಲ ತಿಳಿದೇ ಇತ್ತು.

ಹತ್ತು ವಾರಗಳ ಕೀರ್ತಿ

ಬೆಂಜಮಿನ್ ಗ್ರೊನೋ ಹುಟ್ಟಿದ್ದು 1887ರ ಮಾರ್ಚ್ 3ರಂದು. ಕಸುಬು ಕಲ್ಲುಕೆಲಸ. ಆಟದಲ್ಲಿ ಮುಂಚೂಣಿಯ ಪಡೆಯವನು. ಎಂದರೆ, ಗುಂಪಿನ ನಡುವೆ ನುಗ್ಗಿ ಚೆಂಡನ್ನು ಗೆದ್ದುಕೊಡುವ ಒರಟು ಕೆಲಸದವನು. ಬ್ರಿಜೆಂಡ್ ಸಂಘದ ಪರವಾಗಿ ಆಡಿ ಹೆಸರು ಗಳಿಸಿದ ಆತನಿಗೆ 1910ರ ಹೊಸ ವರ್ಷದ ದಿನ ವೇಲ್ಸಿನ ಕೆಂಪು ಅಂಗಿಯನ್ನು ತೊಡುವ ಭಾಗ್ಯ ಒದಗಿತು. ಸ್ವಾನ್ಸಿಯಲ್ಲಿ ಫ್ರಾನ್ಸಿನ ಮೇಲೆ ನಡೆದ ಆ ಪಂದ್ಯವನ್ನು ವೇಲ್ಸ್ 49–14ರಿಂದ ಗೆದ್ದುಕೊಂಡಿತು.

ಮುಂದಿನ ಪಂದ್ಯ ಎರಡು ವಾರಗಳ ಬಳಿಕ, ಲಂಡನ್ನಿನ ಬಳಿಯ ಟ್ವಿಕನ್‌ಹ್ಯಾಮಿನಲ್ಲಿ, ಇಂಗ್ಲೆಂಡಿನ ವಿರುದ್ಧ. ತರಕಾರಿ ಬೆಳೆಯುತ್ತಿದ್ದ ಹೊಲವನ್ನು 1907ರಲ್ಲಿ ಕೊಂಡು ಯೂನಿಯನ್ನಿನವರು ಅಲ್ಲಿ ತಮ್ಮದೇ ಆದ ಕ್ರೀಡಾಂಗಣವನ್ನು ಕಟ್ಟಿದ್ದರು. ‘ಕೋಸಿನ ತೋಟ’ ಎಂದು ಜನ ಅದನ್ನು ಗೇಲಿ ಮಾಡುತ್ತಿದ್ದುದುಂಟು. 1910ರ ಜನವರಿ 15ರಂದು ಆ ಮೈದಾನದಲ್ಲಿ ಮೊಟ್ಟಮೊದಲ ಅಂತರರಾಷ್ಟ್ರೀಯ ಪಂದ್ಯ. ಆಟವನ್ನು ಆರಂಭಿಸುವ ಒದೆತ ವೇಲ್ಸಿನ ಪಾಲಿಗೆ ಬಂದಿತು. ಚೆಂಡನ್ನು ಒದ್ದವನು ಬೆನ್ ಗ್ರೊನೋ.

ಆ ಒದೆತದ ಫಲ ಮಾತ್ರ ವೇಲ್ಸಿಗೆ ಶುಭವಾಗಲಿಲ್ಲ. ಚೆಂಡು ಹೋಗಿ ಇಂಗ್ಲೆಂಡಿನ ಏಡ್ರಿಯನ್ ಸ್ಟೂಪನ ಕೈ ಸೇರಿತು. ಅಂದಿನ ರೂಢಿಯಂತೆ ಅವನು ಚೆಂಡನ್ನು ಮರಳಿ ಒದ್ದು ಮೈದಾನದಾಚೆಗೆ ಕಳುಹಿಸಬೇಕಾಗಿತ್ತು. ಹಾಗೆ ಮಾಡದೆ ಅವನು ಓಡತೊಡಗಿದ. ವೇಲ್ಸಿನವರು ಎಚ್ಚರಗೊಳ್ಳುವ ಮೊದಲೇ ಚೆಂಡು ಕೈಯಿಂದ ಕೈಗೆ ಸಾಗಿ ಮೂಲೆಯಲ್ಲಿ ಚಾಪ್ಮನ್ ಎಂಬಾತ ಟ್ರೈ ಗಳಿಸಿದ್ದ. ಇಂಗ್ಲೆಂಡ್ 11–6ರಿಂದ ಗೆದ್ದಿತು. 1898ರಿಂದೀಚೆಗೆ ವೇಲ್ಸಿನ ಮೇಲೆ ಇಂಗ್ಲೆಂಡಿಗೆ ದೊರೆತ ಮೊದಲ ಜಯವದು.

ಅದಾದ ಮೇಲೆ ಗ್ರೊನೋ ಸ್ಕಾಟ್ಲೆಂಡ್, ಐರ್ಲೆಂಡುಗಳ ಮೇಲೂ ಆಡಿದ. ಹೊಸ ವರ್ಷದ ದಿನದಿಂದ ಮಾರ್ಚಿಯವರೆಗೆ ಸುಮಾರು ಹತ್ತು ವಾರಗಳು, ನಾಲ್ಕು ಪಂದ್ಯಗಳು. ಯೂನಿಯನ್ ಆಟದಲ್ಲಿ ಆತನ ರಾಷ್ಟ್ರೀಯ ಜೀವನ ಇಷ್ಟೇ. ಅದೇ 1910ರಲ್ಲಿ ಆತ ಹಡರ್ಸ್‌ಫೀಲ್ಡ್ ಸಂಘದ ಕರಾರಿಗೆ ಸಹಿ ಹಾಕಿದ. ಹದಿನೈದು ವರ್ಷಗಳ ಹಿಂದೆ ಜಾರ್ಜ್ ಹೋಟೆಲಿನ ಸಭೆ ನಡೆದದ್ದೂ ಇದೇ ಊರಿನಲ್ಲಿ. ಟ್ವಿಕನ್‌ಹ್ಯಾಮಿನ ಚರಿತ್ರೆಯ ಮೊದಲ ಸಾಲಿನಲ್ಲಿ ಹೆಸರು ಬರೆಸಿದವನು ವರ್ಷ ತುಂಬುವುದರೊಳಗೆ ಆ ಮನೆಗೆ ಹೊರಗಿನವನಾದ. ಆಗ ಆತನಿಗೆ ಇಪ್ಪತ್ತಮೂರು ವರ್ಷ.

ಸಕಲ ಪ್ರತಿಭೆಗಳ ತಂಡ

ಹಡರ್ಸ್‌ಫೀಲ್ಡ್ ಯಾರ್ಕ್‌ಷೈರಿನ ಉಣ್ಣೆ ಗಿರಣಿಗಳ ಊರು. ಆ ವರ್ಷಗಳಲ್ಲಿ ಅಲ್ಲಿ ಕಟ್ಟಿದ ತಂಡಕ್ಕೆ ‘ಸಕಲ ಪ್ರತಿಭೆಗಳ ತಂಡ’ ಎಂಬ ಬಿರುದೇ ಉಳಿದಿದೆ. ಹೆರಾಲ್ಡ್ ವ್ಯಾಗ್‌ಸ್ಟಾಫ್ ನಾಯಕ. ಆಸ್ಟ್ರೇಲಿಯದಿಂದ ಬಂದ ಆಲ್ಬರ್ಟ್ ರೋಸೆನ್‌ಫೆಲ್ಡ್ ಓಟದ ಗಾರುಡಿಗ; 1913–14ರ ಒಂದೇ ಋತುವಿನಲ್ಲಿ ಆತ ಗಳಿಸಿದ 80 ಟ್ರೈಗಳ ದಾಖಲೆ ಇಂದಿಗೂ ಮುರಿದಿಲ್ಲ. ಡಗ್ಲಸ್ ಕ್ಲಾರ್ಕ್ ಮಹಾಬಲಿ. ಇಂಥವರ ನಡುವೆ ಗ್ರೊನೋ ಮುಂಚೂಣಿಯ ಆಧಾರಸ್ತಂಭವೂ ಆದ, ಗೋಲು ಹಾರಿಸುವವನೂ ಆದ.

ಹಳೆಯ ಆಟದಲ್ಲಿ ಕಲಿತದ್ದೆಲ್ಲವೂ ಹೊಸ ಆಟದಲ್ಲಿ ನಡೆಯುವುದಿಲ್ಲ. ಹದಿನೈದರ ಬದಲು ಹದಿಮೂರು ಜನ ಆದಾಗ ಮೈದಾನ ವಿಶಾಲವಾಗುತ್ತದೆ; ಭಾರಿ ಮೈಯವನೂ ಓಡಲೇಬೇಕು, ಚೆಂಡನ್ನು ಸಾಗಿಸಲೇಬೇಕು. ಕೆಳಗೆ ಬಿದ್ದವನು ಎದ್ದು ಚೆಂಡನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದೊಡನೆ ಆಟ ಮತ್ತೆ ಸಾಗುವುದರಿಂದ ಉಸಿರಾಡಲು ಬಿಡುವಿಲ್ಲ. ಎಷ್ಟೋ ಮಂದಿ ಈ ಬದಲಾವಣೆಗೆ ಒಗ್ಗದೆ ಹಿಂದುಳಿದರು. ಅತ್ತ ಮರಳುವಂತೆಯೂ ಇಲ್ಲದೆ ಇತ್ತ ಮೆರೆಯುವಂತೆಯೂ ಇಲ್ಲದೆ ಮರೆಯಾದರು. ಗ್ರೊನೋ ಒಗ್ಗಿದ. ಗ್ರೇಟ್ ಬ್ರಿಟನ್ನಿನ ಲೀಗ್ ತಂಡದಲ್ಲಿಯೂ ಸ್ಥಾನ ಪಡೆದ.

1914–15ರ ಋತುವಿನಲ್ಲಿ ಹಡರ್ಸ್‌ಫೀಲ್ಡ್ ತಂಡ ಗೆಲ್ಲಬಹುದಾದ ನಾಲ್ಕು ಪಾರಿತೋಷಕಗಳನ್ನೂ ಗೆದ್ದಿತು. ಚಾಲೆಂಜ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಸೇಂಟ್ ಹೆಲೆನ್ಸ್ ತಂಡವನ್ನು ಸೋಲಿಸಿದ್ದು 37–3ರಿಂದ. ಆದರೆ ಆ ಹೊತ್ತಿಗೆ ಯೂರೋಪು ಹೊತ್ತಿ ಉರಿಯುತ್ತಿತ್ತು. ತಂಡದ ಫ್ರೆಡ್ ಲಾಂಗ್‌ಸ್ಟಾಫ್ 1916ರಲ್ಲಿ ಫ್ರಾನ್ಸಿನ ರಣಭೂಮಿಯಲ್ಲಿ ಮಡಿದ.

ಯುದ್ಧ ತೆರೆದ ಬಾಗಿಲು

ಯುದ್ಧ ಒಂದು ವಿಚಿತ್ರವನ್ನು ಮಾಡಿತು. ಸೈನ್ಯದಲ್ಲಿ ರಗ್ಬಿ ಯೂನಿಯನ್ ಆಟ ನಡೆಯುತ್ತಿತ್ತು. ಒಂದೇ ಸಮವಸ್ತ್ರ ತೊಟ್ಟವರಲ್ಲಿ ಇವನು ಶುದ್ಧ, ಇವನು ಅಶುದ್ಧ ಎಂದು ಬೇರ್ಪಡಿಸುವುದು ಹೇಗೆ? ನಾಡಿಗಾಗಿ ಪ್ರಾಣ ಕೊಡಲು ಯೋಗ್ಯನಾದವನು ಚೆಂಡು ಮುಟ್ಟಲು ಅಯೋಗ್ಯನೆನ್ನುವುದಾದರೂ ಹೇಗೆ? ಕೊನೆಗೆ ಸೈನಿಕ ತಂಡಗಳ ಮಟ್ಟಿಗೆ ನಿಷೇಧ ಸಡಿಲವಾಯಿತು.

ಲಂಡನ್ನಿನ ಗ್ರೋವ್ ಪಾರ್ಕಿನಲ್ಲಿದ್ದ ಸೈನ್ಯ ಸರಬರಾಜು ದಳದ ಮೋಟಾರು ವಿಭಾಗದಲ್ಲಿ ಗ್ರೊನೋ, ವ್ಯಾಗ್‌ಸ್ಟಾಫ್, ಕ್ಲಾರ್ಕ್, ರೋಸೆನ್‌ಫೆಲ್ಡ್ ನಾಲ್ವರೂ ಒಟ್ಟಿಗೆ ಬಂದು ಸೇರಿದರು. 1916–17ರಲ್ಲಿ ಆ ದಳದ ತಂಡ ಹದಿನೈದು ಜನರ ಹಳೆಯ ಆಟದಲ್ಲಿ ಎದುರಾದವರನ್ನೆಲ್ಲ ಮಣ್ಣು ಮುಕ್ಕಿಸಿತು. 26 ಪಂದ್ಯಗಳಲ್ಲಿ ಸೋತದ್ದು ಒಂದೇ ಒಂದು. ಹಣ ಮುಟ್ಟಿದ ಮಾತ್ರಕ್ಕೆ ಆಟದ ಗುಣ ಕೆಡುವುದೆಂದು ವಾದಿಸುತ್ತಿದ್ದವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿರಲಿಲ್ಲ. ಆರು ವರ್ಷಗಳ ಬಳಿಕ ಗ್ರೊನೋ ತನ್ನ ಮೊದಲಿನ ಆಟವನ್ನು ಮತ್ತೆ ಆಡಿದ್ದು ಖಾಕಿಯ ಕೃಪೆಯಿಂದ.

ಯುದ್ಧ ಮುಗಿಯಿತು, ಔದಾರ್ಯವೂ ಮುಗಿಯಿತು. ಶಾಂತಿಕಾಲದ ಸಂಘಗಳ ಬಾಗಿಲು ಮೊದಲಿನಂತೆಯೇ ಮುಚ್ಚಿಕೊಂಡಿತು.

ಒಂದು ಅಂಕದ ಅಂತರ

1919–20ರ ಋತು ಗ್ರೊನೋನ ಬಾಳಿನ ಶಿಖರ. ವಯಸ್ಸು ಮೂವತ್ತೆರಡು ದಾಟಿತ್ತು. ಯುದ್ಧ ನಾಲ್ಕು ವರ್ಷಗಳನ್ನು ನುಂಗಿತ್ತು. ಆದರೂ ಆ ಒಂದು ಋತುವಿನಲ್ಲಿ ಆತನ ಕಾಲಿನಿಂದ 140ಕ್ಕೂ ಹೆಚ್ಚು ಗೋಲುಗಳು ಹಾರಿದವು. 300ಕ್ಕೂ ಹೆಚ್ಚು ಅಂಕಗಳು ಬಂದವು. ಹಡರ್ಸ್‌ಫೀಲ್ಡ್ ಮತ್ತೆ ನಾಲ್ಕು ಪಾರಿತೋಷಕಗಳ ಹೊಸ್ತಿಲಿಗೆ ಬಂದು ನಿಂತಿತು. ಮೂರು ಕೈಸೇರಿದವು. ಉಳಿದದ್ದು ಲೀಗ್ ಚಾಂಪಿಯನ್‌ಷಿಪ್ಪಿನ ಅಂತಿಮ ಪಂದ್ಯ ಒಂದೇ.

ಆ ಪಂದ್ಯದ ದಿನ ಗ್ರೊನೋ ಊರಿನಲ್ಲಿರಲಿಲ್ಲ. ಗ್ರೇಟ್ ಬ್ರಿಟನ್ ತಂಡ ಆಸ್ಟ್ರೇಲಿಯ, ನ್ಯೂಜಿಲೆಂಡುಗಳ ಪ್ರವಾಸಕ್ಕೆ ಹಡಗೇರಿತ್ತು. ವ್ಯಾಗ್‌ಸ್ಟಾಫ್, ಕ್ಲಾರ್ಕ್, ಗ್ರೊನೋ ಸೇರಿ ಹಡರ್ಸ್‌ಫೀಲ್ಡಿನ ಐವರು ಅದರೊಂದಿಗೆ ಹೊರಟುಹೋಗಿದ್ದರು. ಹಲ್ ತಂಡ 3–2ರಿಂದ ಗೆದ್ದಿತು. ಒಂದು ಟ್ರೈಗೆ ಮೂರು ಅಂಕ, ಒಂದು ಗೋಲಿಗೆ ಎರಡು ಅಂಕ. ಇನ್ನೊಂದು ಗೋಲು ಹಾರಿದ್ದರೆ ನಾಲ್ಕನೆಯ ಪಾರಿತೋಷಕವೂ ಊರಿಗೆ ಬರುತ್ತಿತ್ತು. ಅದನ್ನು ಹಾರಿಸಬಲ್ಲ ಕಾಲು ಕಡಲ ಮೇಲಿತ್ತು.

1924ರಲ್ಲಿ, ಮೂವತ್ತೇಳನೆಯ ವಯಸ್ಸಿನಲ್ಲಿ, ಗ್ರೊನೋ ಮತ್ತೊಮ್ಮೆ ಅದೇ ಪ್ರವಾಸಕ್ಕೆ ಆಯ್ಕೆಯಾದ. ಮುಂದೆ ಕೆಲಕಾಲ ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ಪ್ರಾಂತದ ಗ್ರೆನ್‌ಫೆಲ್ ಎಂಬ ಊರಿನ ತಂಡವನ್ನು ತಿದ್ದಿದ. ಇಂಗ್ಲೆಂಡಿನಲ್ಲಿ ಬಾಟ್ಲಿ, ಫೆದರ್‌ಸ್ಟನ್ ರೋವರ್ಸ್ ಸಂಘಗಳಿಗೂ ಆಡಿದ. ಬ್ರಿಜೆಂಡಿನಲ್ಲೇ ಉಳಿದಿದ್ದರೆ ಕಲ್ಲುಕುಟಿಗನೊಬ್ಬನಿಗೆ ಎರಡು ಬಾರಿ ಭೂಮಿಯ ಮತ್ತೊಂದು ಕೊನೆಯವರೆಗೆ ಹೋಗಿಬರುವ ಯೋಗ ಎಲ್ಲಿಂದ ಬರಬೇಕಿತ್ತು? ತಕ್ಕಡಿಯ ಈ ತಟ್ಟೆಯನ್ನೂ ಮರೆಯಬಾರದು. 1967ರ ನವೆಂಬರ್ 24ರಂದು, ಎಂಬತ್ತನೆಯ ವಯಸ್ಸಿನಲ್ಲಿ, ಆತ ತೀರಿಕೊಂಡ.

ಗಣಿಯ ನಾಡಿನ ಕಣ್ಣಿನಲ್ಲಿ

1880ರಲ್ಲಿ ಜಾನ್ ಟೇಲರ್ ಕಂಪನಿ ಕೋಲಾರದ ಚಿನ್ನದ ಗಣಿಗಳಿಗೆ ಕೈಹಾಕಿದ ಮೇಲೆ, ವೇಲ್ಸಿನ ತೆಂಕಣ ಕಡಲಾಚೆಯ ಕಾರ್ನ್‌ವಾಲಿನಿಂದ ಗಣಿ ಕೆಲಸದ ಅನುಭವಿಗಳು ಬಂದು ನೆಲೆಸಿದರು. ಗಣಿಯ ಕಾಲನಿಗಳಲ್ಲಿ ಹಾಕಿ, ಕಾಲ್ಚೆಂಡು, ಕ್ರಿಕೆಟ್ ಬೇರೂರಿದವು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ದುಡಿಯುವವನು ಆಡುವುದು ಹೇಗೆಂಬ ಪ್ರಶ್ನೆ ಈ ನಾಡಿಗೂ ಹೊಸದಲ್ಲ. ಆದರೆ ಅದಕ್ಕೆ ಇಲ್ಲಿ ದೊರೆತ ಉತ್ತರ ಬೇರೆ: ಆಟಗಾರನಿಗೆ ಉದ್ಯೋಗ ಕೊಟ್ಟು ಆಡಲು ಬಿಡುವುದು.

1940ರಲ್ಲಿ ಕೋಲಾರದಲ್ಲಿ ಜನಿಸಿ, 1964ರ ಟೋಕಿಯೋ ಒಲಿಂಪಿಕ್ಸಿನಲ್ಲಿ ಭಾರತಕ್ಕಾಗಿ ಓಡಿ, 1965ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಕೆನೆತ್ ಪೊವೆಲ್ ಅವರಿಗೆ ಬೆಂಗಳೂರಿನ ಐ.ಟಿ.ಐ. ಕಾರ್ಖಾನೆ ಆಸರೆಯಾಯಿತು. ಕೊಡಗಿನ ಎಂ. ಪಿ. ಗಣೇಶ್ ಅವರದಂತೂ ಆಟವನ್ನೇ ಬದಲಿಸಿದ ಕಥೆ. ಮೊದಲು ಕಾಲ್ಚೆಂಡಿನ ಆಟಗಾರರು. ಸೈನ್ಯ ಸೇರಿದ ಮೇಲೆ ಹಾಕಿ ಕೋಲು ಹಿಡಿದರು. 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ತಂಡದಲ್ಲಿದ್ದರು; 1973ರ ವಿಶ್ವಕಪ್ಪಿನಲ್ಲಿ ಭಾರತದ ನಾಯಕರಾದರು. ಒಂದು ಆಟ ಬಿಟ್ಟು ಇನ್ನೊಂದಕ್ಕೆ ಹೋದುದಕ್ಕಾಗಿ ಅವರನ್ನು ಯಾರೂ ಜಾತಿಯಿಂದ ಹೊರಹಾಕಲಿಲ್ಲ.

ಗ್ರೊನೋನಿಗೆ ಆ ಸೌಕರ್ಯವಿರಲಿಲ್ಲ. ಆತನು ಮಾಡಿದ ತಪ್ಪೆಂದರೆ ತನ್ನ ಮೈಬಲಕ್ಕೂ ಕೌಶಲಕ್ಕೂ ಬೆಲೆ ಕೇಳಿದ್ದು. ಕಲ್ಲು ಕೆತ್ತಿದಾಗ ಅದೇ ಬೆಲೆಯನ್ನು ಕೇಳಿದರೆ ಅದು ನ್ಯಾಯವಾದ ಕೂಲಿ, ಚೆಂಡು ಒದ್ದಾಗ ಕೇಳಿದರೆ ಅಪರಾಧ. ಬಿಡುವೂ ಆಸ್ತಿಯೂ ಇದ್ದವರು ಬರೆದ ನಿಯಮ, ಅವೆರಡೂ ಇಲ್ಲದವನನ್ನು ಅಳೆಯುವಾಗ ಹೀಗಾಗುವುದು ಆಟದಲ್ಲಿ ಮಾತ್ರವೇ ಅಲ್ಲ.

1995ರ ಆಗಸ್ಟ್ ತಿಂಗಳಿನಲ್ಲಿ ಪ್ಯಾರಿಸಿನಲ್ಲಿ ಸಭೆ ಸೇರಿದ ಅಂತರರಾಷ್ಟ್ರೀಯ ರಗ್ಬಿ ಮಂಡಲಿ, ಯೂನಿಯನ್ ಆಟಗಾರರೂ ಇನ್ನು ಮುಂದೆ ಹಣ ಪಡೆಯಬಹುದೆಂದು ಸಾರಿತು. ಜಾರ್ಜ್ ಹೋಟೆಲಿನ ಸಭೆ ನಡೆದು ಆಗ ನೂರು ವರ್ಷ ತುಂಬುತ್ತಿತ್ತು. ಲೀಗಿಗೆ ಹೋಗಿದ್ದ ವೇಲ್ಸಿನ ಜೊನಾಥನ್ ಡೇವಿಸ್ ಅದೇ ವರ್ಷ ಯೂನಿಯನ್ ಆಟಕ್ಕೆ ಮರಳಿದ. ಊರಿನವರು ಸಂಭ್ರಮದಿಂದ ಬರಮಾಡಿಕೊಂಡರು. ಅಂದು ಬೆನ್ ಗ್ರೊನೋ ಸತ್ತು ಇಪ್ಪತ್ತೆಂಟು ವರ್ಷಗಳಾಗುತ್ತ ಬಂದಿದ್ದವು. ಟ್ವಿಕನ್‌ಹ್ಯಾಮಿನಲ್ಲಿ ಈಗ ಆಡುವವರೆಲ್ಲ ಸಂಬಳ ಪಡೆಯುವವರೇ. ಅಲ್ಲಿ ಮೊದಲ ಅಂತರರಾಷ್ಟ್ರೀಯ ಪಂದ್ಯದ ಮೊದಲ ಚೆಂಡನ್ನು ಒದ್ದವನಾರೆಂದು ಕೇಳಿದರೆ ಇಂದಿಗೂ ಹೇಳಬೇಕಾದ ಹೆಸರು ಆ ಕಲ್ಲುಕುಟಿಗನದೇ.